ಲೋಬಾನದ ಉಳಿದರ್ಧ

ಹಳಿಯಾಳ ತಾಲೂಕಿನ ಸಾಂಬ್ರಾಣಿ ಊರಿನ ಹೆಸರಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದ ಹುಡುಕಿದರೆ ಸಿಗುವುದು 'ಬೆಂಜೋಯಿನ್'. ಇಂಗ್ಲಿಷರಲ್ಲೇ ಬಹಳ ಜನ ಇದನ್ನು ಕೇಳಿರಲಿಕ್ಕಿಲ್ಲ. ನಮ್ಮಲ್ಲಿ ಡಾಕ್ಟರು ಹಬೆ ತೆಗೆದುಕೊಳ್ಳಲು ಬರೆದುಕೊಡುವ ಟಿಂಚರ್ ಬೆಂಜೋಯಿನ್ ಬಾಟಲಿಯ ಮೇಲೆ ಮಾತ್ರ ಅದು ಆಗಾಗ ಕಣ್ಣಿಗೆ ಬೀಳುತ್ತದೆ.

ಸುಮಾತ್ರಾದ ಸ್ಟೈರಾಕ್ಸ್ ಮರದ ತೊಗಟೆಗೆ ಕಚ್ಚು ಹಾಕಿದರೆ ಒಸರುವ ಅಂಟೇ ಈ ಸಾಂಬ್ರಾಣಿ. ಕಂದು ಮುದ್ದೆಯೊಂದನ್ನು ಒಡೆದು ನೋಡಿ, ಒಳಗೆ ಬಾದಾಮಿ ಚೂರಿನಂಥ ಬಿಳಿ ಹರಳು ಕಾಣುತ್ತವೆ. ಕೆಂಡಕ್ಕೆ ಉದುರಿಸಿದರೆ ಮೊದಲು ಕರಗಿ ಚುರುಗುಟ್ಟುತ್ತದೆ, ಆಮೇಲೆ ಹೊಗೆ ಏಳುತ್ತದೆ. ಎರೆದುಕೊಂಡ ಬಾಣಂತಿಯ ಒದ್ದೆ ತಲೆಗೂದಲಿಗೆ, ಮಗುವಿನ ಮೈಗೆ ಹಿಡಿಯುವುದು ಈ ಹೊಗೆಯನ್ನೇ.

ಅರಬ್ ವ್ಯಾಪಾರಿಗಳು ಇದನ್ನು 'ಲುಬಾನ್ ಜಾವಿ' ಎಂದರು, ಅಂದರೆ ಜಾವಾದ ಧೂಪ. ಸುಮಾತ್ರಾವನ್ನೂ ಅವರು ಜಾವಾ ಎಂದೇ ಕರೆಯುತ್ತಿದ್ದರು. ಯುರೋಪಿನ ದಕ್ಷಿಣದ ಭಾಷೆಗಳವರಿಗೆ ಮೊದಲಿನ 'ಲು' ತಮ್ಮ ವ್ಯಾಕರಣದ ಉಪಪದದಂತೆ ಕೇಳಿಸಿತು. ಅದನ್ನು ಬಿಟ್ಟು 'ಬಾನ್‌ಜಾವಿ'ಯನ್ನಷ್ಟೇ ಇಟ್ಟುಕೊಂಡರು. ಪೋರ್ಚುಗೀಸರ ಬಾಯಲ್ಲಿ ಅದು ಬೇಜೊಯಿಂ ಆಯಿತು, ಇಂಗ್ಲಿಷರಲ್ಲಿ ಬೆಂಜೋಯಿನ್. ಅದೂ ಬಾಯಿಗೆ ಹತ್ತದವರು 'ಬೆಂಜಮಿನ್' ಎಂದುಬಿಟ್ಟರು! ನಮ್ಮ ಕಡೆ ಆದದ್ದು ತಿರುಗಾಮುರುಗಾ. ಜಾವಿ ಉದುರಿಹೋಗಿ ಲುಬಾನ್ ನಿಂತಿತು. ದರ್ಗಾದ ಮುಂದಿನ ಅಂಗಡಿಯಲ್ಲಿ ಇವತ್ತಿಗೂ 'ಲೋಬಾನ' ಎಂದೇ ಕೇಳಿ ಕೊಳ್ಳುತ್ತೇವೆ. ಒಂದೇ ಹೆಸರಿನ ತಲೆ ನಮಗೆ ದಕ್ಕಿತು, ಬಾಲ ಅವರಿಗೆ.

ಆ ಬಾಲ ಬಹಳ ದೂರ ಹೋಯಿತು. ಸಾಂಬ್ರಾಣಿಯಿಂದ ತೆಗೆದ ಆಮ್ಲಕ್ಕೆ ಬೆಂಜೋಯಿಕ್ ಎಂಬ ಹೆಸರಾಯಿತು. 1825ರಲ್ಲಿ ಫ್ಯಾರಡೆ ಕಂಡುಹಿಡಿದಿದ್ದ ದ್ರವವನ್ನು 1833ರಲ್ಲಿ ಜರ್ಮನಿಯ ಮಿಚೆರ್ಲಿಕ್ ಈ ಆಮ್ಲವನ್ನು ಸುಣ್ಣದೊಡನೆ ಕಾಯಿಸಿ ಪಡೆದು 'ಬೆಂಜಿನ್' ಎಂದ. ಬೆಂಜೀನ್ ಬಂದದ್ದು ಅಲ್ಲಿಂದ. ಜರ್ಮನ್ನರು ಪೆಟ್ರೋಲಿಗೆ ಇಂದಿಗೂ ಬೆಂಜಿನ್ ಅನ್ನುತ್ತಾರೆ. ಕಾರಿನ ಕಾರ್ಲ್ ಬೆಂಜ್‌ಗೂ ಅದಕ್ಕೂ ಸಂಬಂಧವಿಲ್ಲ. ಸಾಸ್ ಬಾಟಲಿಯ ಮೇಲಿನ 'ಐಎನ್‌ಎಸ್ 211' ಅಂದರೆ ಸೋಡಿಯಂ ಬೆಂಜೋಯೇಟ್. ಈಗ ಕಾರ್ಖಾನೆಯಲ್ಲಿ ತಯಾರಾಗುವ ಅದರಲ್ಲಿ ಮರದ ಅಂಟಿಲ್ಲ, ಹೆಸರಷ್ಟೇ ಇದೆ.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನೂ 1511ರಲ್ಲಿ ಮಲಕ್ಕಾವನ್ನೂ ಹಿಡಿದರು. ಧೂಪ ಸಾಗಿಸಿದ ಆ ಕಡಲದಾರಿಗಳಲ್ಲೇ ಆಫ್ರಿಕದ ಮನುಷ್ಯರನ್ನೂ ಗುಲಾಮರಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು, ಮರಿಮಕ್ಕಳು ಹಳಿಯಾಳ, ಯಲ್ಲಾಪುರದ ಸಿದ್ದಿಗಳಲ್ಲಿದ್ದಾರೆ. ಧೂಪದ ಚರಿತ್ರೆ ಬರೆಯುವವರು ಈ ಜನರನ್ನು ಬಿಟ್ಟು ಬರೆದರೆ ನನಗೆ ಒಪ್ಪಿಗೆಯಾಗದು.

ಇನ್ನೊಂದು ಮಾತು. 'ಲುಬಾನ್' ಹುಟ್ಟಿದ್ದು ಬಿಳುಪನ್ನು ಸೂಚಿಸುವ ಧಾತುವಿನಿಂದ. ಅರಬ್ಬಿಯಲ್ಲಿ ಹಾಲಿಗೆ 'ಲಬನ್' ಅನ್ನುವುದೂ ಅದರಿಂದಲೇ. ಪಶ್ಚಿಮ ಘಟ್ಟದ ಮರವೊಂದರ ಪರಿಮಳದ ಅಂಟಿಗೆ ಕನ್ನಡದವರು, ಯಾರನ್ನೂ ಕೇಳದೆ, ಹಾಲುಮಡ್ಡಿ ಎಂದು ಹೆಸರಿಟ್ಟರು. ಊದುಬತ್ತಿ ವ್ಯಾಪಾರದ ಇಂಗ್ಲಿಷಿನಲ್ಲಿ ಆ ಪದ ಈಗ 'ಹಾಲ್‌ಮಡ್ಡಿ' ಎಂದೇ ಓಡಾಡುತ್ತಿದೆ.