ಕ್ರಿಪ್ಟೋ ವ್ಯಾಲೆಟ್ ಭೇದನ

ಕ್ರಿಪ್ಟೋ ನಾಣ್ಯಗಳ ಒಡೆತನವನ್ನು ನಿರ್ಣಯಿಸುವ ಖಾಸಗಿ ಕೀಲಿಯು ಪರಹಸ್ತಗತವಾಗುವುದಕ್ಕೆ, ಇಲ್ಲವೆ ಅವನ್ನು ವೆಚ್ಚಮಾಡುವ ಅನುಮತಿಯನ್ನು ಒಡೆಯನೇ ವಂಚನೆಗೆ ಸಿಲುಕಿ ಅನ್ಯರಿಗೆ ಇತ್ತುಬಿಡುವುದಕ್ಕೆ ವ್ಯಾಲೆಟ್ ಭೇದನವೆನ್ನಬಹುದು. ನಾಣ್ಯಗಳ ಲೆಕ್ಕವು ಇರುವುದು ಬ್ಲಾಕ್‌ಚೈನ್ ಎಂಬ ಬಹಿರಂಗ ಖಾತೆಪುಸ್ತಕದಲ್ಲಿ. ವ್ಯಾಲೆಟ್ಟು ಕಾಯುವುದು ಕೀಲಿಯನ್ನು ಮಾತ್ರ. ಆ ಕೀಲಿಯಾದರೋ ಸಾಮಾನ್ಯವಾಗಿ 2048 ಪದಗಳ ನಿಯತ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳಿಂದ ಜನಿಸುವುದರಿಂದ, ಆ ಪದಗಳನ್ನು ಬಲ್ಲವನೇ ನಾಣ್ಯಗಳಿಗೆ ಒಡೆಯ.

ತಾನು ಮಾಡದ ರವಾನೆ ಖಾತೆಯಲ್ಲಿ ಕಾಣುವುದು ಪ್ರಥಮ ಲಕ್ಷಣ. ಆದರೆ ಕಳೆದುದು ಕೀಲಿಯೋ ಅನುಮತಿಯೋ ಎಂಬುದನ್ನು ತಿಳಿಯದೆ ಚಿಕಿತ್ಸೆಗೆ ತೊಡಗುವುದು ವ್ಯರ್ಥ. ಒಂದು ಬಗೆಯ ಟೋಕನ್ ಮಾತ್ರ ಹೋಗಿ ಮಿಕ್ಕವು ಉಳಿದಿದ್ದರೆ ಅನುಮತಿಯ ಮೇಲೆ ಸಂಶಯಪಡಬೇಕು. ಶುಲ್ಕಕ್ಕೆಂದು ಹಾಕಿದ ಅಲ್ಪ ಈಥರ್ (ಇಥೀರಿಯಮ್ ಜಾಲದ ನಾಣ್ಯ) ಸಹ ಬಂದ ಕ್ಷಣದಲ್ಲೇ ಮಾಯವಾಗುತ್ತಿದ್ದರೆ, ಕಳ್ಳನ ಸ್ವಯಂಚಾಲಿತ ತಂತ್ರಾಂಶವು ಕೀಲಿಯನ್ನು ಹಿಡಿದು ಕುಳಿತಿದೆಯೆಂದೇ ಭಾವಿಸತಕ್ಕದ್ದು. ಅನುಮತಿಯನ್ನು ರದ್ದುಪಡಿಸಬಹುದು, ಸೋರಿದ ಕೀಲಿಗೆ ಮದ್ದಿಲ್ಲ. ಪಾಸ್‌ವರ್ಡ್ ಬದಲಿಸುವುದು ಆಗ ನಿಷ್ಫಲ: ನಿರ್ಮಲವಾದ ಬೇರೊಂದು ಸಾಧನದಲ್ಲಿ ಹೊಸ ಪದಗಳಿಂದ ಹೊಸ ವ್ಯಾಲೆಟ್ ರಚಿಸಿ, ಬೆಲೆಯುಳ್ಳದ್ದನ್ನು ಮೊದಲು ಅಲ್ಲಿಗೆ ಸಾಗಿಸಿ, ಹಳೆಯದನ್ನು ಶಾಶ್ವತವಾಗಿ ತ್ಯಜಿಸಬೇಕು.

ಸಂಸ್ಥೆಗಳೂ ಇಂಥ ಕಳ್ಳತನಕ್ಕೆ ಹೊರತಲ್ಲ. 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ವಿನಿಮಯ ಸಂಸ್ಥೆಯ ಆಂತರಿಕ ಖಾತೆಯೊಂದರಿಂದ ಸುಮಾರು 4.4 ಕೋಟಿ ಡಾಲರ್ ಅಪಹೃತವಾಯಿತು. ಬೆಂಗಳೂರಿನ ಪೊಲೀಸರು ಶಂಕಿಸಿದಂತೆ, ಕಳ್ಳರು ಹೊಕ್ಕ ದ್ವಾರವು ನೌಕರನೊಬ್ಬನ ಲ್ಯಾಪ್‌ಟಾಪ್. ಗ್ರಾಹಕರ ನಾಣ್ಯಗಳು ಅಂತರ್ಜಾಲದಿಂದ ದೂರವಿಟ್ಟ ಪ್ರತ್ಯೇಕ ಕೋಲ್ಡ್ ವ್ಯಾಲೆಟ್ಟುಗಳಲ್ಲಿದ್ದುದರಿಂದ ಅವಕ್ಕೆ ಬಾಧೆ ತಟ್ಟಲಿಲ್ಲವೆಂದು ಸಂಸ್ಥೆ ತಿಳಿಸಿತು.

ದೂರಿಗೆ ವಿಳಂಬ ಸಲ್ಲದು. ದೂರನ್ನು ಒಯ್ಯಬೇಕಾದ ಪೊಲೀಸರು ಯಾರೆಂಬುದನ್ನೂ ಅರಿತಿರಬೇಕು: ಉದಾಹರಣೆಗೆ, ಕ್ಯಾಸಂಬಳ್ಳಿಯು ಕೋಲಾರ ಜಿಲ್ಲೆಯದಾದರೂ, ಪೊಲೀಸ್ ಆಡಳಿತದಲ್ಲಿ ಕೆ.ಜಿ.ಎಫ್. ಎಂಬ ಪ್ರತ್ಯೇಕ ಪೊಲೀಸ್ ಜಿಲ್ಲೆಗೆ ಸೇರಿದ್ದು. ಅಲ್ಲಿನ ನಿವಾಸಿಯು ಕೋಲಾರಕ್ಕೆ ಓಡುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಕೆ.ಜಿ.ಎಫ್. ಪೊಲೀಸರ ಕಡೆಗೆ ಮುಖಮಾಡುವುದು ಯುಕ್ತ. ರವಾನೆಯ ಹ್ಯಾಶ್ (ಗುರುತಿನ ಸಂಕೇತ), ವಿಳಾಸಗಳು, ಸಮಯ, ವಂಚಕನೊಡನೆ ನಡೆದ ಸಂಭಾಷಣೆಯ ಚಿತ್ರಗಳು, ಇವನ್ನು ಅಳಿಸದೆ ಒಯ್ಯಬೇಕು. ಮುಂಗಡ ಕೊಟ್ಟರೆ ಹಣವನ್ನು ಮರಳಿ ತರುವೆನೆಂದು ಬರುವವನು ಪ್ರಾಯಶಃ ಎರಡನೆಯ ಕಳ್ಳ.

ಬ್ಲಾಕ್‌ಚೈನಿನಲ್ಲಿ ದೃಢಪಟ್ಟ ರವಾನೆಯನ್ನು ಯಾವ ಠಾಣೆಯೂ ಹಿಂತಿರುಗಿಸಲಾರದು. ಆದರೆ 2023ರ ಮಾರ್ಚ್ 7ರ ಅಧಿಸೂಚನೆಯಿಂದ ವಿನಿಮಯ ಸಂಸ್ಥೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಗೆ ಒಳಪಟ್ಟು ಗ್ರಾಹಕರ ಗುರುತನ್ನು ದಾಖಲಿಸಬೇಕಾಗಿರುವುದರಿಂದ, ಕದ್ದ ನಾಣ್ಯವು ಅಂಥ ಸಂಸ್ಥೆಯನ್ನು ಹೊಕ್ಕಾಗ, ದೂರು ಸಕಾಲದಲ್ಲಿ ತಲುಪಿದ್ದರೆ, ಖಾತೆಯನ್ನು ಸ್ತಂಭನಗೊಳಿಸಲು ಅವಕಾಶವುಂಟು.