ಮಲೆನಾಡಿನ ದಾರಿಯೂ ಜನವೂ

ಒಂದು ಸೀಮೆ ಏಳಿಗೆ ಹೊಂದಿತೆ, ಬಾಡಿತೆ ಎಂಬುದನ್ನರಿಯಲು ಜನಗಣತಿಯ ಪುಸ್ತಕವನ್ನೇ ತೆರೆಯಬೇಕೆಂದಿಲ್ಲ. ಅದರ ದಾರಿಗಳ ಕಥೆಯನ್ನು ಕೇಳಿದರೂ ಸಾಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಮಟ್ಟಿಗಂತೂ ಈ ಮಾತು ನಿಜ.

ಬಯಲುಸೀಮೆಯವರಿಗೆ ಹಳ್ಳಿಯೆಂದರೆ ಒತ್ತಾಗಿ ನಿಂತ ಮನೆಗಳ ಸಾಲು. ಮಲೆನಾಡಿನಲ್ಲಿ ಹಾಗಲ್ಲ. ಗದ್ದೆಯ ಅಂಚಿಗೊಂದು ಮನೆ, ಗುಡ್ಡ ದಾಟಿದರೆ ಅಡಕೆ ತೋಟದ ತಲೆಯಲ್ಲಿ ಇನ್ನೊಂದು. ಎಲ್ಲವೂ ಸೇರಿ ಕಾಗದದ ಮೇಲೆ ಒಂದು ಗ್ರಾಮ. ಜನ ಹೀಗೆ ಚದುರಿರುವ ಕಡೆ ರಸ್ತೆ ಮಾಡುವುದಕ್ಕೆ ವೆಚ್ಚ ಹೆಚ್ಚು, ಬಸ್ಸಿಗೆ ಗಿರಾಕಿ ಕಡಿಮೆ. ಇಲ್ಲಿನ ಸಾರಿಗೆಯ ಕಷ್ಟಕ್ಕೆಲ್ಲ ಮೂಲ ಇದೇ.

ದಾರಿ ದುರ್ಗಮವಾಗಿದ್ದ ಕಾಲದಲ್ಲಿಯೂ ಈ ಸೀಮೆ ಅಜ್ಞಾತವಾಗಿರಲಿಲ್ಲ. 1346ರಲ್ಲಿ ವಿಜಯನಗರದ ಹರಿಹರನೂ ಅವನ ಸೋದರರೂ ತುಂಗೆಯ ದಡದ ಶೃಂಗೇರಿಗೆ ಬಂದು ಮಠಕ್ಕೆ ಭೂಮಿಯನ್ನು ದತ್ತಿ ಬಿಟ್ಟರೆಂದು ಶಾಸನ ಹೇಳುತ್ತದೆ. ಯಾತ್ರಿಕರೂ ಅಡಕೆ ಮೆಣಸು ಹೊತ್ತ ಹೇರೆತ್ತುಗಳೂ ಶತಮಾನಗಳ ಕಾಲ ಈ ಕಾಡುದಾರಿಗಳನ್ನು ಸವೆಸಿದುವು.

ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲೆನಾಡಿನ ಜನಸಂಖ್ಯೆ ಏಳಲಾರದೆ ಕುಗ್ಗಿತು. ಚಳಿಜ್ವರ ಮನೆ ಮನೆಯನ್ನೂ ತಿನ್ನುತ್ತಿದ್ದಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸರ್ಕಾರವು ಮಲೆನಾಡಿನ ಸುಧಾರಣೆಗೆಂದೇ ಬೇರೆ ಯೋಜನೆ ಹೂಡಿತು. ತರೀಕೆರೆಯಿಂದ ಎರಡಡಿ ಅಗಲದ ಪುಟ್ಟ ಹಳಿಯೊಂದು ಕಾಡು ಸೀಳಿಕೊಂಡು ಎಡೆಹಳ್ಳಿಯನ್ನು ತಲುಪಿದ್ದು ಆ ಕಾಲದಲ್ಲಿಯೇ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅಲ್ಲಿಗೆ ಭೇಟಿಯಿತ್ತರು, ಎಡೆಹಳ್ಳಿ ನರಸಿಂಹರಾಜಪುರವಾಯಿತು. ಹೆಸರು ಉಳಿಯಿತು, ಹಳಿ ಉಳಿಯಲಿಲ್ಲ. ಇಂದು ಈ ಮೂರು ತಾಲ್ಲೂಕುಗಳಲ್ಲಿ ಒಂದು ರೈಲು ನಿಲ್ದಾಣವೂ ಇಲ್ಲ. ಮುಂದೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಹೊಳೆಯಂಚಿನ ಎಷ್ಟೋ ಊರುಗಳೂ ಹೊಲಗದ್ದೆಗಳೂ ನೀರಿನಡಿ ಸೇರಿದುವು. ಆ ನೀರು ಬಯಲುಸೀಮೆಯ ಗದ್ದೆಗಳನ್ನು ಹಸಿರಾಗಿಸಿತು.

1953ರಲ್ಲಿ ದೇಶವ್ಯಾಪಿಯಾಗಿ ಮಲೇರಿಯಾ ನಿಯಂತ್ರಣ ಕಾರ್ಯ ಆರಂಭವಾದ ಮೇಲೆ ಜ್ವರದ ಭಯ ಇಳಿಯಿತು. ಘಟ್ಟದ ಕೆಳಗಿನಿಂದ ಕೂಲಿಯವರೂ ಕೇರಳದಿಂದ ಬೆಳೆಗಾರರೂ ಬಂದು ನೆಲಸಿದರು. ಈಗ ಮಲೆನಾಡಿನ ಬದುಕು ಬಸ್ಸಿನ ಗಾಲಿಯ ಮೇಲೆ ನಿಂತಿತು. ಇಲ್ಲಿಯೇ ಈ ಸೀಮೆ ನಾಡಿಗೆ ಒಂದು ಮೇಲ್ಪಂಕ್ತಿ ಹಾಕಿಕೊಟ್ಟಿತು. ಖಾಸಗಿ ಕಂಪನಿಯೊಂದು ಮುಚ್ಚಿದಾಗ ಅದರ ಕೆಲಸಗಾರರು ಎದೆಗೆಡದೆ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಚಾಲಕನೂ ನಿರ್ವಾಹಕನೂ ತಾನೇ ಮಾಲೀಕ! ಶಾಲೆಯ ಮಕ್ಕಳನ್ನು ರಿಯಾಯಿತಿ ದರದಲ್ಲಿ ಕರೆದೊಯ್ದ ಆ ಬಸ್ಸುಗಳು ಸುಮಾರು ಮೂರು ದಶಕ ಓಡಿ, ವೆಚ್ಚದ ಭಾರ ತಾಳಲಾರದೆ 2020ರ ಫೆಬ್ರವರಿಯಲ್ಲಿ ನಿಂತುಹೋದುವು.

ಇದನ್ನು ಇನ್ನೊಂದು ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905, 2011ರಲ್ಲಿ 11,37,961. ರಾಜ್ಯದ ಜನ ನೂರಕ್ಕೆ ಹದಿನೈದರಂತೆ ಹೆಚ್ಚಿದ ಆ ದಶಕದಲ್ಲಿ ಈ ಜಿಲ್ಲೆಯ ಜನ ಕಡಿಮೆಯಾದರು. ಹಿಂದೆ ಜನರನ್ನು ಕಳೆದದ್ದು ಜ್ವರ. ಇಂದು ಓದು, ನೌಕರಿ, ಬೆಂಗಳೂರು. ಹುಡುಗರು ಹೊರಟುಹೋದ ಮನೆಯಲ್ಲಿ ಉಳಿದವರು ಮುದುಕರು. ಜನವಿಲ್ಲವೆಂದು ಬಸ್ಸು ನಿಲ್ಲುತ್ತದೆ, ಬಸ್ಸಿಲ್ಲವೆಂದು ಜನ ಊರು ಬಿಡುತ್ತಾರೆ. 2023ರಲ್ಲಿ ಬಂದ ಸ್ತ್ರೀಯರ ಉಚಿತ ಪ್ರಯಾಣವೂ ಸರ್ಕಾರಿ ಬಸ್ಸಿಗೇ ಸಂದದ್ದು. ಖಾಸಗಿ ಬಸ್ಸೊಂದೇ ಓಡುವ ದಾರಿಯ ಹೆಂಗಸಿಗೆ ಅದು ಕೇಳಿದ ಸುದ್ದಿ ಮಾತ್ರ.

ಲಾಭದ ಲೆಕ್ಕ ಹಾಕಿದ್ದರೆ ಅಂದು ಕಾಡಿನೊಳಗೆ ಹಳಿ ಬರುತ್ತಲೇ ಇರಲಿಲ್ಲ. ಜನ ಕುಗ್ಗುತ್ತಿದ್ದಾರೆಂಬುದೇ ಅಂದಿನವರಿಗೆ ದಾರಿ ಮಾಡಲು ಕಾರಣವಾಗಿದ್ದಿತು. ಇಂದು ಅದೇ ಕಾರಣಕ್ಕೆ ದಾರಿ ಬರಿದಾಗುತ್ತಿದೆ. ಇವೆರಡರಲ್ಲಿ ಯಾವುದು ದೂರದೃಷ್ಟಿ ಎಂಬುದನ್ನು, ರಜೆಯಲ್ಲಿ ಶೃಂಗೇರಿಗೆ ಕಾರಿನಲ್ಲಿ ಹೋಗಿಬರುವ ನಾವೂ ಒಮ್ಮೆ ಯೋಚಿಸಬೇಡವೆ?