ದೊಡ್ಡತೋಗೂರಿನ ನಾಲ್ಕು ಪ್ರಶ್ನೆಗಳು

ನಮ್ಮ ಮನೆ ಎಲೆಕ್ಟ್ರಾನಿಕ್ ಸಿಟಿ ಪಕ್ಕದ ದೊಡ್ಡತೋಗೂರಿನಲ್ಲಿದೆ. 2020ರ ಮಾರ್ಚ್ 24ರ ರಾತ್ರಿ ಪ್ರಧಾನಿಯವರು ಲಾಕ್‌ಡೌನ್ ಘೋಷಿಸಿದಾಗ ನನಗೆ ಮೊದಲು ನೆನಪಾದದ್ದು ಹಾಲು ಮತ್ತು ಕಾಫಿಪುಡಿ. ಸುಳ್ಳು ಯಾಕೆ ಹೇಳಲಿ. ಪಕ್ಕದ ಸೈಟಿನಲ್ಲಿ ಏಳುತ್ತಿದ್ದ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಜಾರ್ಖಂಡಿನ ಹದಿನಾಲ್ಕು ಜನ ಇದ್ದಾರೆ ಅನ್ನುವುದು ನೆನಪಾಗಿದ್ದು ನಾಲ್ಕು ದಿನ ಬಿಟ್ಟು. ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ನಾನು ಹತ್ತು ಕೇಜಿ ಅಕ್ಕಿ, ಒಂದಿಷ್ಟು ಬೇಳೆ ಕೊಟ್ಟು ಬಂದೆ, ದೊಡ್ಡ ಪುಣ್ಯ ಕಟ್ಟಿಕೊಂಡವನ ಹಾಗೆ. ಹದಿನಾಲ್ಕು ಜನಕ್ಕೆ ಹತ್ತು ಕೇಜಿ ಎಷ್ಟು ದಿನ ಬರುತ್ತೆ ಅಂತ ಲೆಕ್ಕ ಹಾಕಿರಲಿಲ್ಲ.

ಲೆಕ್ಕ ಕೇಳಿದ್ದು ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಹುಡುಗಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಳು. "ಅಂಕಲ್, ಅವರ ಹತ್ರ ಎಷ್ಟು ದಿನದ ರೇಷನ್ ಇದೆ? ಕೈಯಲ್ಲಿ ದುಡ್ಡೆಷ್ಟಿದೆ? ಕೂಲಿ ಬಂದಿದ್ಯಾ? ಸರ್ಕಾರದಿಂದ ಏನಾದ್ರೂ ಬಂತಾ?" ಒಂದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ಆ ವಿಶ್ವವಿದ್ಯಾಲಯ ಸರ್ಜಾಪುರದ ಕಡೆ ಸ್ವಂತ ಕ್ಯಾಂಪಸ್‌ಗೆ ಹೋಗಿದೆ. ಆಗ ನಮ್ಮ ಹತ್ತಿರವೇ, ಹೊಸೂರು ರಸ್ತೆಯ ಪಿಇಎಸ್ ಕ್ಯಾಂಪಸ್ಸಿನಲ್ಲಿತ್ತು. 2010ರ ಕರ್ನಾಟಕದ ಕಾಯ್ದೆಯಿಂದ ಹುಟ್ಟಿದ್ದು, ಅಂದರೆ ವಯಸ್ಸು ಆಗಿನ್ನೂ ಹತ್ತು. ದುಡ್ಡಿರುವವರ ಸಂಸ್ಥೆ, ಸಹಾಯ ಮಾಡಿದ್ದರಲ್ಲಿ ಏನು ಮಹಾ ಅಂತ ನೀವು ಕೇಳಬಹುದು. ನಿಜ, 2020ರ ಏಪ್ರಿಲ್ 1ರಂದೇ ವಿಪ್ರೋ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ 1125 ಕೋಟಿ ರೂಪಾಯಿ ಕೊಡುವುದಾಗಿ ಹೇಳಿದ್ದವು. ಆದರೆ ಕೋಟಿಗಳಿಗೆ ತೋಗೂರಿನ ಯಾವ ಶೆಡ್ಡಿನಲ್ಲಿ ಅಕ್ಕಿ ಮುಗಿದಿದೆ ಅಂತ ತಾನಾಗಿ ಗೊತ್ತಾಗಲ್ಲವಲ್ಲ!

ಅದನ್ನು ತಿಳಿಯಲು ಇದ್ದ ದಾರಿ ಫೋನ್ ಒಂದೇ. ಲಾಕ್‌ಡೌನ್ ಶುರುವಾದ ಮೂರನೇ ದಿನಕ್ಕೇ ಸ್ವಾನ್ (ಸ್ಟ್ರಾಂಡೆಡ್ ವರ್ಕರ್ಸ್ ಆಕ್ಷನ್ ನೆಟ್‌ವರ್ಕ್) ಅನ್ನುವ ಸ್ವಯಂಸೇವಕರ ಗುಂಪು ಹುಟ್ಟಿತು. ಅದು ವಿಶ್ವವಿದ್ಯಾಲಯದ್ದಲ್ಲ, ಆದರೆ ಅಲ್ಲಿನ ಅಧ್ಯಾಪಕ ರಾಜೇಂದ್ರನ್ ನಾರಾಯಣನ್ ಅದರಲ್ಲಿದ್ದರು. ಕಷ್ಟದಲ್ಲಿದ್ದ ಕಾರ್ಮಿಕರ ಜೊತೆ ಮಾತಾಡುವುದು, ತುರ್ತಿದ್ದವರ ಖಾತೆಗೆ ಸ್ವಲ್ಪ ಹಣ ಹಾಕುವುದು, ಜೊತೆಗೇ ಎಲ್ಲವನ್ನೂ ಬರೆದಿಡುವುದು, ಇಷ್ಟು ಕೆಲಸ. ಏಪ್ರಿಲ್ ಮಧ್ಯದಲ್ಲಿ ಅವರ ಮೊದಲ ವರದಿ ಬಂತು. 11,159 ಕಾರ್ಮಿಕರ ವಿವರ. ಶೇ. 96 ಜನಕ್ಕೆ ಸರ್ಕಾರದ ರೇಷನ್ ಮುಟ್ಟಿರಲಿಲ್ಲ. ಶೇ. 89 ಜನಕ್ಕೆ ಲಾಕ್‌ಡೌನಿನ ಕೂಲಿ ಬಂದಿರಲಿಲ್ಲ. ಓದಿದಾಗ ನನಗೆ ಆ ನಾಲ್ಕು ಪ್ರಶ್ನೆಗಳ ಅರ್ಥವಾಯಿತು.

ವಿಶ್ವವಿದ್ಯಾಲಯದ್ದೇ ಆದ ಸೆಂಟರ್ ಫಾರ್ ಸಸ್ಟೈನಬಲ್ ಎಂಪ್ಲಾಯ್ಮೆಂಟ್ ಬೇರೆ ಸಂಘಟನೆಗಳ ಜೊತೆ ಏಪ್ರಿಲ್-ಮೇನಲ್ಲಿ ಹನ್ನೆರಡು ರಾಜ್ಯಗಳ ಸುಮಾರು 5000 ಜನರನ್ನು ಫೋನಿನಲ್ಲೇ ಮಾತಾಡಿಸಿತು. ಮೂರರಲ್ಲಿ ಎರಡು ಪಾಲು ಜನ ಕೆಲಸ ಕಳೆದುಕೊಂಡಿದ್ದರು, ನಗರಗಳಲ್ಲಿ ಹತ್ತಕ್ಕೆ ಎಂಟು. ಮುಂದಿನ ವರ್ಷ, 2021ರ ಮೇನಲ್ಲಿ ಬಂದ ಅವರ ವರದಿ, ಸುಮಾರು 23 ಕೋಟಿ ಜನ ಹೊಸದಾಗಿ ಕನಿಷ್ಠ ಕೂಲಿಯ ರೇಖೆಗಿಂತ ಕೆಳಗೆ ಬಿದ್ದಿದ್ದಾರೆ ಅಂದಿತು. ಅದು ಟಿವಿಯಲ್ಲಿ ಎರಡು ದಿನ ಓಡಿ ಮರೆಯಾಯಿತು.

ಹಳೆಯ ಕಥೆಯೊಂದು ಇಲ್ಲಿ ನೆನಪಾಗುತ್ತೆ. 1918ರ ಇನ್‌ಫ್ಲುಯೆಂಜಾ ಬೆಂಗಳೂರಿಗೆ ಬಂದಾಗ ಮೈಸೂರು ವಿಶ್ವವಿದ್ಯಾಲಯಕ್ಕೆ ಬರೀ ಎರಡು ವರ್ಷ. ಪುಟ್ಟಣ್ಣ ಚೆಟ್ಟಿಯವರು ಮುನಿಸಿಪಾಲಿಟಿ ಅಧ್ಯಕ್ಷರು (ಟೌನ್ ಹಾಲ್ ಇವರದೇ ಹೆಸರಿನದು). ಸ್ವಯಂಸೇವಕರು ಬೀದಿಬೀದಿ ಸುತ್ತಿ ಔಷಧಿ, ಗಂಜಿ ಹಂಚಿದರು. ಆಗ ಬಾಗಿಲು ತಟ್ಟಬಹುದಿತ್ತು. 2020ರಲ್ಲಿ ಬಾಗಿಲು ತಟ್ಟಿದರೆ ಪೊಲೀಸರ ಲಾಠಿ :-(

ಮೇ 3ಕ್ಕೆ ಚಿಕ್ಕಬಾಣಾವರದಿಂದ ಶ್ರಮಿಕ್ ರೈಲು ಹೊರಟಿತು. ಪೀಣ್ಯದ ಆಚೆಯ ಆ ಪುಟ್ಟ ಸ್ಟೇಷನ್ನಿನ ಹೆಸರನ್ನು ಇಡೀ ದೇಶ ಕೇಳಿತು. ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ಮಾಡಿದರು. ಅದಾದ ಮೇಲೆ, ಮರುದಿನದಿಂದ ರೈಲು ಬೇಡ ಅಂತ ರೈಲ್ವೆಗೆ ಪತ್ರ ಹೋಯಿತು. ಕಟ್ಟಡ ನಿಲ್ಲಬಾರದು, ಕಟ್ಟುವವರು ಊರಿಗೆ ಹೋಗಬಾರದು! ಗಲಾಟೆಯಾದ ಮೇಲೆ ರೈಲುಗಳು ಮತ್ತೆ ಶುರುವಾದವು. ನಮ್ಮ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನ ಹಳೆ ವಿದ್ಯಾರ್ಥಿಗಳು ಕಾಯಲಿಲ್ಲ, ದುಡ್ಡು ಕೂಡಿಸಿ ಮೇ 28ಕ್ಕೆ ಮುಂಬೈಯಿಂದ ರಾಂಚಿಗೆ ವಿಮಾನವನ್ನೇ ಮಾಡಿಸಿದರು.

ಅದೇ ವರ್ಷ ಸೆಪ್ಟೆಂಬರ್ 14ರಂದು, ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಸತ್ತವರೆಷ್ಟು ಅನ್ನುವ ಪ್ರಶ್ನೆಗೆ ಕೇಂದ್ರ ಕಾರ್ಮಿಕ ಸಚಿವಾಲಯ ಲೋಕಸಭೆಯಲ್ಲಿ ಕೊಟ್ಟ ಉತ್ತರ, ಅಂಥ ಅಂಕಿಅಂಶ ಇಟ್ಟಿಲ್ಲ ಎಂದು. ಪೇಪರಿನಲ್ಲಿ ಅದನ್ನು ಓದಿದ ದಿನ, ಫೋನ್ ಕಿವಿಗೊತ್ತಿಕೊಂಡು ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದ ಆ ಹುಡುಗಿ ನೆನಪಾದಳು.

ಶೆಡ್ಡಿನವರು ಮೇ ಕೊನೆಗೆ ಊರಿಗೆ ಹೋದರು. ಅವರಲ್ಲೊಬ್ಬನ ನಂಬರು ನನ್ನ ಫೋನಿನಲ್ಲಿತ್ತು. ದೀಪಾವಳಿಗೆ ಮಾಡಿದೆ, ನನ್ನ ಹರುಕುಮುರುಕು ಹಿಂದಿಯಲ್ಲಿ ಮಾರ್ಚಿನ ಕೂಲಿ ಬಂತಾ ಅಂತ ಕೇಳಿದೆ. ಮೂವರಿಗೆ ಬಂದಿದೆಯಂತೆ, ಹನ್ನೊಂದು ಜನಕ್ಕೆ ಇಲ್ಲ. ಈ ಸಲ ಬರೆದಿಟ್ಟುಕೊಂಡೆ.